ಪದ ಪರಿಚಯ: ರೋಗ ಪ್ರಮಾಣ

‘ಎಳ್ಳಿಗೆ 40 ಪರ್ಸೆಂಟ್ ಎಲೆಚುಕ್ಕೆ ಬಂದಿದೆ’ ಎಂದು ಕೇಳಿದ ಕೂಡಲೇ ಅಷ್ಟು ಬೆಳೆ ಕೈಬಿಟ್ಟಿತು ಅಂದುಕೊಳ್ಳಬೇಡಿ. ರೋಗ ಪ್ರಮಾಣ ಅಂದರೆ ಎಣಿಸಿದ 100 ಗಿಡಗಳಲ್ಲಿ, ಇಲ್ಲವೇ ಎಲೆಗಳಲ್ಲಿ, ಎಷ್ಟಕ್ಕೆ ರೋಗ ತಗುಲಿದೆ ಎನ್ನುವ ಲೆಕ್ಕ, ಅಷ್ಟೇ. ಒಂದೇ ಚುಕ್ಕೆ ಇರುವ ಗಿಡವೂ ಒಂದು, ಎಲೆಯೆಲ್ಲ ಉದುರಿ ಬೋಳಾದ ಗಿಡವೂ ಒಂದು.

ಕೊಡಗಿನಲ್ಲಿ ಎಳ್ಳಿನ ಹೊಲ ಕಾಣುವುದು ಕಡಿಮೆ. ನಮ್ಮದು ಕಾಫಿ, ಕರಿಮೆಣಸು, ಭತ್ತದ ಜಿಲ್ಲೆ. ಆದರೆ ಕಾಫಿ ಎಲೆ ತಿರುಗಿಸಿ, ಕೆಳಗೆ ಅಂಟಿದ ಕಿತ್ತಳೆ ಬಣ್ಣದ ಪುಡಿ ನೋಡಿದವರಿಗೆ ಶಿಲೀಂಧ್ರ ಹೇಗೆ ಎಲೆ ಉದುರಿಸುತ್ತದೆ ಎಂದು ಹೇಳಿಕೊಡಬೇಕಿಲ್ಲ, ಅಲ್ವಾ? ಕಾಫಿಯ ಈ ಎಲೆ ತುಕ್ಕಿನ ಹಾಗೆ ಎಳ್ಳಿನ ಎಲೆಚುಕ್ಕೆಗೂ ತೇವ ಬೇಕು. ಬಿಡದೆ ಮಳೆ ಹಿಡಿದರೆ ಬೇಗ ಹರಡುತ್ತದೆ.

ಎಳ್ಳಿನಲ್ಲಿ ಎಲೆಚುಕ್ಕೆ ಮುಖ್ಯವಾಗಿ ಎರಡು ಬಗೆ. ಆಲ್ಟರ್ನೇರಿಯಾ ಎಂಬ ಶಿಲೀಂಧ್ರ ಬಂದರೆ ಕಂದು ಚುಕ್ಕೆ, ಅದರೊಳಗೆ ಒಂದರೊಳಗೊಂದು ಉಂಗುರ. ಕಾಂಡಕ್ಕೂ ಕಾಯಿಗೂ ಹತ್ತುತ್ತದೆ, ಬೀಜದ ಜೊತೆ ಮುಂದಿನ ಬೆಳೆಗೂ ಹೋಗುತ್ತದೆ. ಹಾಗಾಗಿ ಬೀಜೋಪಚಾರ, ಅಂದರೆ ಬೀಜಕ್ಕೆ ಔಷಧಿ ಹಚ್ಚುವುದು, ಮಾಡದೆ ಬಿತ್ತಲೇಬಾರದು. ಇನ್ನೊಂದು ಶಿಲೀಂಧ್ರ ಸರ್ಕೋಸ್ಪೋರಾ. ಇದರ ಚುಕ್ಕೆ ಸಣ್ಣದು, ನಡುವೆ ಬೂದು ಬಣ್ಣ.

ರೋಗ ಪ್ರಮಾಣದ ಪಕ್ಕದಲ್ಲಿ ಯಾವಾಗಲೂ ಇರಬೇಕಾದ ಇನ್ನೊಂದು ಲೆಕ್ಕ ರೋಗ ತೀವ್ರತೆ. ಒಂದೊಂದು ಎಲೆ ಎಷ್ಟು ಹಾಳಾಗಿದೆ ಎಂದು ನೋಡಿ ಅಂಕ ಕೊಡುತ್ತಾರೆ. ಚುಕ್ಕೆ ಇಲ್ಲದಿದ್ದರೆ 0, ಅರ್ಧಕ್ಕಿಂತ ಜಾಸ್ತಿ ಹಾಳಾಗಿದ್ದರೆ 9. ನಡುವೆ 1, 3, 5, 7. ಹತ್ತು ಎಲೆ ನೋಡಿದಿರಿ ಅಂತಿಟ್ಟುಕೊಳ್ಳಿ. ಐದಕ್ಕೆ 0, ಮೂರಕ್ಕೆ ತಲಾ 1, ಎರಡಕ್ಕೆ ತಲಾ 3. ಒಟ್ಟು 9 ಅಂಕ. ಹತ್ತು ಎಲೆಯೂ ಪೂರ್ತಿ ಕೆಟ್ಟಿದ್ದರೆ 90 ಆಗುತ್ತಿತ್ತು. ಅಂದರೆ ತೀವ್ರತೆ ಶೇ. 10. ಅದೇ ಹತ್ತು ಎಲೆಗಳಲ್ಲಿ ಐದಕ್ಕೆ ಚುಕ್ಕೆ ಇರುವುದರಿಂದ ಪ್ರಮಾಣ ಮಾತ್ರ ಶೇ. 50! ಬರೀ 50 ಅನ್ನು ಕೇಳಿದವರು ಗಾಬರಿಯಾಗಿ ಔಷಧಿ ಅಂಗಡಿಗೆ ಓಡುತ್ತಾರೆ. ಎರಡೂ ಸಂಖ್ಯೆ ಗೊತ್ತಿದ್ದವರು ವಾರ ಬಿಟ್ಟು ಮತ್ತೆ ಎಣಿಸಿ, ಏರುತ್ತಿದೆಯಾ ಎಂದು ನೋಡಿ ತೀರ್ಮಾನಿಸಬಹುದು. ನನ್ನ ಮಟ್ಟಿಗೆ ಒಂದು ದಿನದ ಸಂಖ್ಯೆಗಿಂತ ಈ ಏರಿಕೆಯೇ ಮುಖ್ಯ.

ಬದುವಿನ ಮೇಲೆ ನಿಂತು ಅಂದಾಜು ಹಾಕಬೇಡಿ. ನೀರು ನಿಲ್ಲುವ ಮೂಲೆಯಲ್ಲಿ ಮಾತ್ರ ಎಣಿಸಿದರೆ ರೋಗ ಜಾಸ್ತಿ ಕಾಣುತ್ತದೆ. ಹೊಲದೊಳಗೆ ಅಡ್ಡಾಡಿ, ನಾಲ್ಕೈದು ಕಡೆ ಗಿಡ ಎಣಿಸಿ. ಕೆಳಗಿನ ಎಲೆಗಳನ್ನು ತಪ್ಪದೆ ನೋಡಿ, ತಾರೀಖಿನ ಜೊತೆ ಬರೆದಿಡಿ. ಹೂವಿನ ಜಾಗದಲ್ಲಿ ಹಸಿರೆಲೆ ಗೊಂಚಲು ಬಂದ ಗಿಡ ಸಿಕ್ಕರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಜಿಗಿಹುಳು ಹರಡುವ ಬೇರೆ ರೋಗ, ಶಿಲೀಂಧ್ರನಾಶಕಕ್ಕೆ ಬಗ್ಗುವುದಿಲ್ಲ. ಅಂಥ ಗಿಡವನ್ನು ಕಂಡಾಗಲೇ ಕಿತ್ತು ಹಾಕಬೇಕು.