ಮೊಲದ ಬಲೆ: ಅಡವಿಯ ಅಂಚಿನಿಂದ ಹೊಲದ ಬದುವಿಗೆ

ಗದಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮುಂಗಾರಿನ ಹೆಸರು, ಶೇಂಗಾ ಮೊಳೆತು ಎಲೆ ಬಿಡುವ ಹೊತ್ತಿಗೆ, ಹೊಲದ ಬದುಗುಂಟ ಹಳೆಯ ಸೀರೆಗಳ ಜೊತೆಗೆ ನೈಲಾನ್ ಬಲೆಗಳೂ ಏಳುತ್ತವೆ. ಕಟ್ಟಿದ ರೈತರ ಲೆಕ್ಕದಲ್ಲಿ ಅದು ಬೇಲಿ. ಅದೇ ಬಲೆಯಲ್ಲಿ ಬೆಳಗಿನ ಜಾವ ಒಂದು ಮೊಲ ಸಿಕ್ಕು ಸತ್ತಿದ್ದರೆ, ಕಾನೂನಿನ ಲೆಕ್ಕದಲ್ಲಿ ಅದು ಆಯುಧವಾಗಬಹುದು. ಬೇಲಿ ಎಲ್ಲಿ ಮುಗಿಯುತ್ತದೆ, ಬೇಟೆ ಎಲ್ಲಿ ಆರಂಭವಾಗುತ್ತದೆ ಎಂಬ ಈ ತಕರಾರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಬಲೆಯ ಹೆಣಿಗೆಯಿಂದಲೇ ತೊಡಗಬೇಕು.

ನಮ್ಮ ಮಡ್ಡಿ ನೆಲ ಮತ್ತು ಕುರುಚಲು ಕಾಡಿನಲ್ಲಿರುವುದು ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯುಳ್ಳ ಕಾಡುಮೊಲ. ಸಾಕುವ ಬಿಳಿ ಮೊಲ ಯುರೋಪಿನ ಬಿಲವಾಸಿ ಮೊಲದ ಸಂತತಿಯಾಗಿದ್ದು, ಅದು ಬೇರೆಯೇ ಪ್ರಾಣಿ. ಯುರೋಪಿನಲ್ಲಿ ಬಿಲದ ಬಾಯಿಗೆ ಚೀಲದಂತಹ ಸಣ್ಣ ಬಲೆ ಹಾಸುವ ಪದ್ಧತಿ ಬೆಳೆದದ್ದು ಅಲ್ಲಿಯ ಮೊಲ ನೆಲದೊಳಗೆ ವಾಸಿಸುವುದರಿಂದ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ; ಹಗಲು ಹುಲ್ಲಿನ ಬುಡದಲ್ಲಿ ಮೈಯಗಲದ ತಗ್ಗು ಮಾಡಿಕೊಂಡು ಮಲಗುತ್ತದೆ, ಸಂಜೆ ಎದ್ದು ಮೇಯಲು ಹೊರಡುತ್ತದೆ, ಹೋಗಿಬರುವ ದಾರಿಯನ್ನು ಸುಲಭವಾಗಿ ಬದಲಿಸುವುದಿಲ್ಲ. ತಲೆಯ ಎರಡೂ ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದಕ್ಕೆ ಸುತ್ತಲಿನದೆಲ್ಲ ಕಾಣುತ್ತದೆಯಾದರೂ, ಓಡುವಾಗ ನೇರ ಮುಂದಿರುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಇಲ್ಲಿಯ ಮೊಲದ ಬಲೆ ಉದ್ದವಾಗಿ, ಗಿಡ್ಡವಾಗಿ, ದಾರಿಗೆ ಅಡ್ಡಲಾಗಿ ನಿಲ್ಲುವಂತೆ ರೂಪುಗೊಂಡದ್ದು ಈ ಸ್ವಭಾವಗಳನ್ನು ನೋಡಿಯೇ.

ಹಳೆಯ ಬಲೆ ಹೊಲದಲ್ಲೇ ಹುಟ್ಟುತ್ತಿತ್ತು. ಜೋಳದ ಹೊಲದ ಅಂಚಿಗೆ ಬಿತ್ತಿದ ಪುಂಡಿಯ ಎಳೆಯ ಎಲೆ ಪಲ್ಲೆಗೆ ಹೋದರೆ, ಬಲಿತ ಕಡ್ಡಿಯನ್ನು ಕಟ್ಟು ಕಟ್ಟಿ ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು ಒಣಗಿಸುತ್ತಿದ್ದರು. ಸೆಣಬಿನ ನಾರೂ ಬಳಕೆಯಲ್ಲಿತ್ತು. ಒಣಗಿದ ನಾರನ್ನು ತೊಡೆಯ ಮೇಲೆ ಹೊಸೆದು ಎಳೆ ಮಾಡಿ, ಎರಡು ಎಳೆಗಳನ್ನು ವಿರುದ್ಧ ದಿಕ್ಕಿಗೆ ತಿರುವಿ ಹುರಿಮಾಡಿದಾಗ ಮಾತ್ರ ಅದು ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಬಲೆಯ ಕಣ್ಣುಗಳು, ಅಂದರೆ ಹುರಿಗಳ ನಡುವಿನ ತೆರಪುಗಳು, ಒಂದೇ ಅಳತೆಯಲ್ಲಿ ಬರಲೆಂದು ನುಣುಪಾಗಿ ಹೆರೆದ ಬಿದಿರಿನ ಪಟ್ಟಿಯೊಂದನ್ನು ಹಿಡಿದು, ಅದರ ಸುತ್ತ ಹುರಿ ಹಾಯಿಸಿ ಗಂಟು ಹಾಕಲಾಗುತ್ತಿತ್ತು. ಕಣ್ಣಿನ ಅಳತೆ ತಪ್ಪಿದರೆ ಇಡೀ ಶ್ರಮ ವ್ಯರ್ಥ: ಮೊಲದ ತಲೆ ತೂರಬೇಕು, ಭುಜ ತಡೆಯಬೇಕು. ಗಂಟು ಜಾರಿದರೆ ಪಕ್ಕದ ಕಣ್ಣು ಹಿಗ್ಗಿ, ಅಲ್ಲೇ ಒಂದು ಬಾಗಿಲು ತೆರೆದಂತಾಗುತ್ತದೆ.

ಆದರೆ ಬಲೆಯ ನಿಜವಾದ ಜಾಣ್ಮೆ ಇದ್ದುದು ಅದರ ಸಡಿಲಿನಲ್ಲಿ. ಮೇಲಂಚಿನ ಹಗ್ಗಕ್ಕಿಂತ ಬಲೆಯನ್ನು ಉದ್ದವಾಗಿ ಹೆಣೆದು, ನಿಲ್ಲಿಸುವಾಗ ಅದನ್ನು ನೆರಿಗೆ ನೆರಿಗೆಯಾಗಿ ಬಿಡುತ್ತಿದ್ದರು. ಆಧಾರಕ್ಕೆ ನೆಟ್ಟ ಕೋಲುಗಳನ್ನು ಆಳಕ್ಕೆ ಹುಗಿಯುತ್ತಿರಲಿಲ್ಲ. ಪೊದೆ ಬಡಿದು ಎಬ್ಬಿಸಿದ ಮೊಲ ಓಡಿಬಂದು ಹೊಡೆದಾಗ ಕೋಲು ಉರುಳಿ, ನೆರಿಗೆ ಬಿಚ್ಚಿ, ಬಲೆ ಅದರ ಮೈಮೇಲೆ ಚೀಲವಾಗಿ ಬೀಳುತ್ತಿತ್ತು. ಬಿಗಿಯಾಗಿ ಎಳೆದು ಕಟ್ಟಿದ್ದರೆ ಮೊಲ ಬಡಿದು ಹಿಂದಕ್ಕೆ ಪುಟಿದು ಬೇರೆ ದಿಕ್ಕಿಗೆ ಓಡುತ್ತಿತ್ತು. ಉರುಳಿದ ಬಲೆಯಿಂದ ಮೊಲ ಕೊಸರಿಕೊಂಡು ಹೋಗುವುದರೊಳಗೆ ಹಿಡಿಯಲು ಹತ್ತಿರದಲ್ಲೇ ಒಬ್ಬರು ಅಡಗಿ ಕುಳಿತಿರಬೇಕಾಗಿತ್ತು. ಬೇಟೆ ಮುಗಿದ ಕೂಡಲೇ ಬಲೆ ಸುತ್ತಿ ಮನೆಗೆ ಒಯ್ಯುತ್ತಿದ್ದರು, ಏಕೆಂದರೆ ಇಬ್ಬನಿಗೆ, ಮಳೆಗೆ ನಾರು ಕೊಳೆಯುತ್ತದೆ, ಇಲಿ ಕಡಿಯುತ್ತದೆ. ಬಲೆ ನಿಂತಷ್ಟು ಹೊತ್ತು ಅದರ ಪಕ್ಕದಲ್ಲಿ ಮನುಷ್ಯನಿದ್ದ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸ್ಪಷ್ಟವಾಗುತ್ತದೆ.

ಈ ವಿದ್ಯೆ ಒಂದೇ ಸಮುದಾಯದ ಸ್ವತ್ತಾಗಿರಲಿಲ್ಲ. ಹಬ್ಬದ ಮರುದಿನ ಊರ ಒಕ್ಕಲು ಮಕ್ಕಳೂ ಅಡವಿಗೆ ಹೋಗುತ್ತಿದ್ದರು. ಆದರೆ ಅದನ್ನೇ ಜೀವನೋಪಾಯ ಮಾಡಿಕೊಂಡಿದ್ದ ಅಲೆಮಾರಿ ಜನರಿಗೆ ಬಿದ್ದ ಪೆಟ್ಟು ಬೇರೆಯದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮುಂದೆ ಮುಂಬಯಿ ಪ್ರಾಂತ್ಯಕ್ಕೂ ವಿಸ್ತರಿಸಿ, ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಸೆಟ್ಲಮೆಂಟು ಎಂಬ ಕಾವಲು ವಸತಿಗಳನ್ನು ತೆರೆದಾಗ, ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆಸಿಕೊಂಡವರು ತಂತಿಬೇಲಿಯೊಳಗೆ ಹಾಜರಿ ಹಾಕಿ ಕೂಲಿಗೆ ಹೋಗಬೇಕಾಯಿತು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಅದು ಅಂಟಿಸಿದ ಗುಮಾನಿ ರದ್ದಾಗಲಿಲ್ಲ. ಇಂದಿಗೂ ಊರ ಬದಿಯಲ್ಲಿ ಬಲೆ ಸಿಕ್ಕರೆ ಮೊದಲು ಯಾರ ಗುಡಿಸಲಿನ ಕಡೆ ನೋಟ ತಿರುಗುತ್ತದೆ ಎಂಬುದು ಈ ಭಾಗದವರಿಗೆ ಗೊತ್ತಿರುವ ವಿಷಯವೇ.

ಕಾನೂನಿನ ದಾರಿಯನ್ನು ಚಿಕ್ಕದಾಗಿ ಹೇಳಬಹುದು. 1912ರ ಕಾಡುಪಕ್ಷಿ ಮತ್ತು ಪ್ರಾಣಿಗಳ ರಕ್ಷಣಾ ಕಾಯ್ದೆಯ ಪಟ್ಟಿಯಲ್ಲೇ ಮೊಲವಿತ್ತು. ಸರ್ಕಾರ ಬಯಸಿದರೆ ಅದರ ಬೇಟೆಗೆ ನಿಷೇಧದ ಕಾಲವನ್ನು ಗೊತ್ತುಪಡಿಸಬಹುದಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಲವನ್ನು ನಾಲ್ಕನೇ ಅನುಸೂಚಿಯಲ್ಲಿಟ್ಟು, ಲೈಸೆನ್ಸ್ ಪಡೆದವರಿಗೆ ಬೇಟೆಗೆ ಅವಕಾಶ ನೀಡಿತು. ಆದರೆ ಬಲೆ, ಉರುಲು, ಗುಂಡಿಗಳನ್ನು ಬಳಸಲು ಪ್ರಾಣಿ ಹಿಡಿಯುವ ಪ್ರತ್ಯೇಕ ಲೈಸೆನ್ಸ್ ಬೇಕಾಗಿತ್ತು. ಬಂದೂಕಿದ್ದವರಿಗೆ ಕಾಗದಪತ್ರದ ದಾರಿ ಪರಿಚಿತವಾಗಿತ್ತು, ಬಲೆಯವರಿಗೆ ಅದು ದೂರದ ಮಾತಾಗಿತ್ತು. 1991ರ ತಿದ್ದುಪಡಿ ಈ ಲೈಸೆನ್ಸುಗಳನ್ನೆಲ್ಲ ಮುಗಿಸಿತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿದರೂ ಮೊಲದ ರಕ್ಷಣೆ ಉಳಿದಿದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಚಾಕು, ಬಂದೂಕುಗಳ ಸಾಲಿನಲ್ಲೇ ಬಲೆಯೂ ‘ಆಯುಧ’. ಹಿಡಿಯುವ ಪ್ರಯತ್ನವೂ ‘ಬೇಟೆ’. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಾಯ್ದೆ ಬಿಗಿಯಾಗುತ್ತಿದ್ದ ದಶಕಗಳಲ್ಲೇ ಬಲೆಯ ವಸ್ತು ಬದಲಾಯಿತು. ತುಂಗಭದ್ರೆ, ವರದೆಯ ಮೀನುಗಾರರ ಕೈಗೆ ನೈಲಾನ್ ಬಂದ ಮೇಲೆ ಹರಿದ ಮೀನುಬಲೆಗಳು ಹೊಲಗಳಿಗೂ ಬಂದವು. ಮೇಲಂಚಿಗೆ ಪ್ಲಾಸ್ಟಿಕ್ ಹಗ್ಗ ಪೋಣಿಸಿ, ತೂತುಗಳನ್ನು ಹುರಿಯಿಂದ ಹೊಲಿದು, ಗೂಟ ನೆಟ್ಟರೆ ಒಂದು ಮಧ್ಯಾಹ್ನದಲ್ಲಿ ಬೇಲಿ ಸಿದ್ಧ. ನೈಲಾನ್ ಮಳೆಗೆ ಕೊಳೆಯುವುದಿಲ್ಲ, ಇಬ್ಬನಿಗೆ ಹಾಳಾಗುವುದಿಲ್ಲ, ಆದ್ದರಿಂದ ಯಾರೂ ಅದನ್ನು ಸುತ್ತಿ ಮನೆಗೆ ಒಯ್ಯುವುದಿಲ್ಲ. ಕಾವಲಿಲ್ಲದೆ ತಿಂಗಳುಗಟ್ಟಲೆ ನಿಲ್ಲುವ ಬಲೆ ಈ ನೆಲಕ್ಕೆ ಹೊಸದು. ಎಳೆ ತೆಳುವಾಗಿರುವುದರಿಂದ ರಾತ್ರಿ ಕಾಣುವುದೂ ಇಲ್ಲ. ಸಿಕ್ಕಿಕೊಂಡ ಪ್ರಾಣಿ ಎಳೆದಾಡಿದಷ್ಟೂ ಚರ್ಮಕ್ಕೆ ಇಳಿಯುತ್ತದೆ. ಮೊಲವಷ್ಟೇ ಅಲ್ಲ, ಇಲಿ ಹಿಡಿಯಲು ಬಂದ ಕೇರೆಹಾವು, ಉಡ, ನವಿಲುಗಳೂ ಹೀಗೆ ಸಾಯುತ್ತವೆ.

ಹಾಗೆಂದು ರೈತರ ನಷ್ಟವನ್ನು ಸಣ್ಣದೆನ್ನಲಾಗದು. ಎರಡೆಲೆಯ ಸಸಿಯನ್ನು ಮೊಲ ಬುಡಕ್ಕೆ ಕತ್ತರಿಸಿದರೆ ಆ ಸಾಲು ಮತ್ತೆ ಚಿಗುರುವುದಿಲ್ಲ, ಮರುಬಿತ್ತನೆಗೆ ಹದ ಕಾಯುವುದಿಲ್ಲ. ಇನ್ನೊಂದು ಕಡೆ, 2019ರಲ್ಲಿ ವನ್ಯಜೀವಿಧಾಮವಾದ ಗದಗ ಜಿಲ್ಲೆಯ ಕಪ್ಪತಗುಡ್ಡದ ತೋಳ, ನರಿ, ಕಾಡುಬೆಕ್ಕುಗಳಿಗೆ ಮೊಲವೂ ಒಂದು ಆಹಾರ. ಅವು ವನ್ಯಜೀವಿಧಾಮದ ಗಡಿ ನೋಡಿ ಓಡಾಡುವುದಿಲ್ಲ. ಸುತ್ತಲಿನ ಹೊಲಗಳೂ ಅವುಗಳ ಬೇಟೆಯ ನೆಲ.

ಹೀಗಿರುವಾಗ ಸ್ಥಳ ಪರಿಶೀಲನೆಗೆ ಹೋದವರು ಬಲೆ ಇದೆಯೇ ಇಲ್ಲವೇ ಎಂದಷ್ಟೇ ನೋಡಿದರೆ ಸಾಲದು, ಅದನ್ನು ಹೇಗೆ ಕಟ್ಟಲಾಗಿದೆ ಎಂದೂ ನೋಡಬೇಕು. ಮೊಲದ ತಲೆ ತೂರದ ಸಣ್ಣ ಕಣ್ಣು, ಗಟ್ಟಿ ಗೂಟ, ನೆಲಕ್ಕೆ ತಾಗಿದ ಕೆಳಅಂಚು, ನೆರಿಗೆ ಇಲ್ಲದಂತೆ ಬಿಗಿಯಾಗಿ ಎಳೆದ ಹಾಸು ಇದ್ದರೆ ಅದು ಪ್ರಾಣಿಯನ್ನು ಹಿಂದಕ್ಕೆ ಕಳಿಸುವ ಬೇಲಿ. ದೊಡ್ಡ ಕಣ್ಣು, ಜೋಲುವ ನೆರಿಗೆ, ತಳ್ಳಿದರೆ ಬೀಳುವ ಕೋಲು ಇದ್ದರೆ ಕಟ್ಟಿದವರ ಉದ್ದೇಶ ಏನೇ ಇರಲಿ, ಅದು ಹಿಡಿಯುವ ಬಲೆ. ಹರಿದ ಮೀನುಬಲೆಯನ್ನು ಹಾಗೆಯೇ ತಂದು ಕಟ್ಟಿದಾಗ ಆಗುವುದು ಬಹುಪಾಲು ಈ ಎರಡನೆಯದೇ. ಎಳೆಯ ಸಸಿ ಬಲಿಯುವವರೆಗೆ ಮಾತ್ರ ಬಿಗಿಯಾದ ಬೇಲಿ ಕಟ್ಟಿ, ದಿನಾ ಬೆಳಿಗ್ಗೆ ಅದರುದ್ದಕ್ಕೂ ನಡೆದು ನೋಡಿ, ಆಮೇಲೆ ಬಿಚ್ಚಿಡುವುದು ರೈತರಿಗೆ ಆಗದ ಕೆಲಸವಲ್ಲ. ಸಡಿಲಿನ ಮರ್ಮ ಬಲ್ಲ ಹಿರಿಯರು ಸೆಟ್ಲಮೆಂಟಿನ ಓಣಿಗಳಲ್ಲಿ, ಕಪ್ಪತಗುಡ್ಡದ ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ. ಬಿಗಿ ಬೇಲಿ ಕಟ್ಟುವುದನ್ನು ಅವರಿಂದ ಹೇಳಿಸಿಕೊಂಡರೆ ಅರಣ್ಯ ಇಲಾಖೆಗೂ ಕೃಷಿ ಇಲಾಖೆಗೂ ಕೆಲಸ ಹಗುರವಾದೀತು.