ಉಡುಪಿ ಹೋಟೆಲ್‌ನಲ್ಲಿ ಅಮ್ಮನ ಅಡುಗೆ ಯಾಕೆ ಸಿಗುತ್ತಿರಲಿಲ್ಲ?

ಈಗ ಹೊಸ ರೆಸ್ಟೋರೆಂಟ್ ತೆರೆಯುವ ಶೆಫ್ ಯಾರನ್ನೇ ಕೇಳಿ, ಅಜ್ಜಿಯ ಮಸಾಲೆ, ಅಮ್ಮನ ಕೈರುಚಿ ಅಂತ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ಊರು ಬಿಟ್ಟು ಬಂದು ಕಂಡವರ ಊರಿನಲ್ಲಿ ಹೋಟೆಲ್ ಕಟ್ಟಿದ ನಮ್ಮ ಕರಾವಳಿಯವರ ನೂರು ವರ್ಷದ ಕಥೆ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅವರ ಹೋಟೆಲ್ ಪೂರ್ತಿ ನಿಂತಿದ್ದೇ ಕುಟುಂಬದ ಮೇಲೆ, ಮನೆ ಅಡುಗೆ ಮಾತ್ರ ಬೋರ್ಡಿನ ಮೇಲೆ ಇರಲಿಲ್ಲ. ಪತ್ರೊಡೆ, ಮೂಡೆ, ಮೆಣಸ್ಕಾಯಿ, ತಂಬುಳಿ, ಹಲಸಿನ ಬೀಜದ ಪಲ್ಯ ಇವೆಲ್ಲ ಊರಲ್ಲೇ ಉಳಿದವು. ಪೇಟೆಯಲ್ಲಿ ಸಿಕ್ಕಿದ್ದು ಇಡ್ಲಿ, ವಡೆ, ಮಸಾಲೆ ದೋಸೆ, ಉಪ್ಪಿಟ್ಟು, ಕಾಫಿ.

ಯಾಕೆ ಹೀಗಾಯಿತು? ಮೊದಲು ಬಂದವರು ಹೋಟೆಲ್ ಮಾಡಲು ಬಂದವರಲ್ಲ. ಎಂ.ಟಿ.ಆರ್. ಕಟ್ಟಿದ ಮಯ್ಯ ಸಹೋದರರನ್ನೇ ತಗೊಳ್ಳಿ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದಿದ್ದು ಕಂಡವರ ಮನೆಯಲ್ಲಿ ಅಡುಗೆ ಮಾಡಲು. 1924ರಲ್ಲಿ ಸಣ್ಣದಾಗಿ ತೆರೆದರು, ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಮದ್ರಾಸಿನ ವುಡ್‌ಲ್ಯಾಂಡ್ಸ್ ಕೃಷ್ಣರಾಯರು ಕಡಂದಲೆಯವರು, ಉಡುಪಿ ಮಠದ ಅಡುಗೆಮನೆಯಲ್ಲಿ ದುಡಿದು ಆ ಕಡೆ ಹೋದವರು. 1938ರಲ್ಲಿ ರಾಯಪೇಟೆಯ ಒಂದು ಹಳೆಯ ಬಂಗಲೆ ಹಿಡಿದು ವುಡ್‌ಲ್ಯಾಂಡ್ಸ್ ಶುರು ಮಾಡಿದರು. ಇಂಥವರಿಗೆ ಗೊತ್ತಿದ್ದದ್ದು ನೂರಾರು ಎಲೆಗೆ ಬಡಿಸುವ ಅಡುಗೆ. ಗಿರಾಕಿಗಳೋ, ಕಚೇರಿ ಗುಮಾಸ್ತರು, ಓದುವ ಹುಡುಗರು. ಗಾಂಧಿ ಬಜಾರಿನಲ್ಲಿ 1943ರಲ್ಲಿ ತೆರೆದದ್ದು ಹೆಸರಿನಲ್ಲೇ ವಿದ್ಯಾರ್ಥಿ ಭವನ! ಇವರಿಗೆ ಹತ್ತು ನಿಮಿಷದಲ್ಲಿ ಬಿಸಿಬಿಸಿ ಏನಾದರೂ ಬೇಕು. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ, ಬೇಯಿಸಿ, ಆರಿದ ಮೇಲೆ ಹೆಚ್ಚಿ ಒಗ್ಗರಣೆ ಹಾಕುವ ಪತ್ರೊಡೆಗೆ ಅರ್ಧ ದಿನ ಹೋಗುತ್ತದೆ. ಅದಕ್ಕೂ ಒಳ್ಳೆ ಎಲೆ ಮಳೆಗಾಲದಲ್ಲೇ ಜಾಸ್ತಿ. ಅದೇ ರುಬ್ಬಿಟ್ಟ ದೋಸೆ ಹಿಟ್ಟು ವರ್ಷವಿಡೀ ಒಂದೇ ಥರ ಕೆಲಸ ಮಾಡುತ್ತದೆ.

ಮನೆ ರುಚಿ ಸಿಕ್ಕ ಜಾಗ ಒಂದಿತ್ತು, ಅದು ಬೋರ್ಡಿಂಗ್. ಕಾರ್ಕಳ ಕಡೆಯ ಎ. ರಾಮ ನಾಯಕರು 1942ರಲ್ಲಿ ಬೊಂಬಾಯಿಯ ಮಾಟುಂಗದಲ್ಲಿ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮಾಟುಂಗ ಯಾಕೆ ಅಂದರೆ, 1896ರ ಪ್ಲೇಗ್ ಆದ ಮೇಲೆ ಸರ್ಕಾರ ಊರಿನ ಆಚೆಗೆ ಹೊಸ ಬಡಾವಣೆಗಳನ್ನು ಮಾಡಿತು, ಅಲ್ಲಿಗೆ ಬಂದು ಸೇರಿದವರಲ್ಲಿ ದಕ್ಷಿಣದ ಕಡೆಯ ಗುಮಾಸ್ತರು ಬಹಳ. ಸಂಸಾರ ಊರಲ್ಲಿ ಬಿಟ್ಟು ಬಂದ ಗಂಡಸರಿಗೆ ದಿನಾ ಎರಡು ಹೊತ್ತು ಅನ್ನ, ಸಾರು, ಪಲ್ಯ, ಮಜ್ಜಿಗೆ ಬೇಕಿತ್ತು. ಬೊಂಬಾಯಿಯದೇ ಫೋರ್ಟ್ ಕಡೆ ಇದೇ ಕೆಲಸವನ್ನು ಮೀನಿನ ಊಟ ಹಾಕುವ ಲಂಚ್ ಹೋಂಗಳು ಮಾಡಿದವು. ನಮ್ಮವರಿಗೆ ನಮ್ಮ ಊಟ, ಬೇರೆಯವರಿಗೆ ತಿಂಡಿ. ಲೆಕ್ಕ ಹೆಚ್ಚು ಕಡಿಮೆ ಇಷ್ಟೇ.

ಹಾಗಾದರೆ ಕುಟುಂಬ ಎಲ್ಲಿತ್ತು? ಗಲ್ಲಾದಲ್ಲಿ, ಒಲೆಯ ಮುಂದೆ, ಪಾಲಿನ ಲೆಕ್ಕದಲ್ಲಿ. ಅಣ್ಣ ಬಂದು ತಮ್ಮನನ್ನು ಕರೆಸಿಕೊಳ್ಳುತ್ತಿದ್ದ, ತಮ್ಮ ಭಾವನನ್ನು. ಊರಲ್ಲಿ ಓದು ಹತ್ತದ ಹುಡುಗನನ್ನು ಗುರುತಿನವರ ಜೊತೆ ಕಳಿಸಿದರೆ ಅವನು ಲೋಟ ತೊಳೆಯುವುದರಿಂದ ಶುರು ಮಾಡಿ ಸಪ್ಲೈಯರ್ ಆಗಿ, ಆಮೇಲೆ ಯಾರದೋ ಜೊತೆ ಪಾಲು ಹಾಕಿ ತನ್ನದೇ ಹೋಟೆಲ್ ಮಾಡುವವರೆಗೂ ಹೋಗಬಹುದಿತ್ತು. ಮಲಗುವುದು ಹೋಟೆಲಿನ ಟೇಬಲ್ ಸರಿಸಿ ಅಲ್ಲೇ. ಬೊಂಬಾಯಿಯಲ್ಲಿ ಇಂಥ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಸುಮ್ನೆ ಇದನ್ನು ಪ್ರೀತಿಯ ಕಥೆ ಮಾಡುವುದು ಬೇಡ. ಬಾಲ್ಯವನ್ನೇ ಎಂಜಲು ಟೇಬಲ್ ಒರೆಸುತ್ತಾ ಕಳೆದವರು ಎಷ್ಟೋ ಜನ. ಜಾತಿಯೂ ಇತ್ತು. ಬ್ರಾಹ್ಮಣರಿಗೇ ಬೇರೆ ಕೂರುವ ಜಾಗ, ಬೋರ್ಡಿನಲ್ಲೇ ಜಾತಿಯ ಹೆಸರು. 1957ರಲ್ಲಿ ಮದ್ರಾಸಿನ ಟ್ರಿಪ್ಲಿಕೇನ್‌ನಲ್ಲಿ ಅಂಥದೊಂದು ಬೋರ್ಡ್ ತೆಗೆಯಬೇಕೆಂದು ಪೆರಿಯಾರ್ ಕಡೆಯವರು ತಿಂಗಳುಗಟ್ಟಲೆ ಚಳವಳಿ ಮಾಡಿದ್ದರು.

ಊರೂ ಜನರನ್ನು ಹೊರಗೆ ತಳ್ಳುತ್ತಿತ್ತು. 1974ರ ಭೂ ಸುಧಾರಣೆ ಕಾನೂನಿನಲ್ಲಿ ಗೇಣಿ ಒಕ್ಕಲಿಗೆ ಭೂಮಿ ಸಿಕ್ಕಿತು, ಸಿಗಬೇಕಾದ್ದೇ. ಭೂಮಿ ಕಳೆದುಕೊಂಡ ಬಂಟರ ಮತ್ತು ಬ್ರಾಹ್ಮಣರ ಮನೆಗಳಿಂದ ಇನ್ನಷ್ಟು ಹುಡುಗರು ಬೊಂಬಾಯಿ ಹಾದಿ ಹಿಡಿದರು. ಅಲ್ಲಿ ಸುಖವಿರಲಿಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆಗೆ ಮೊದಲು ಕಣ್ಣಿಗೆ ಬಿದ್ದವರೇ ದಕ್ಷಿಣದವರು, ಉಡುಪಿ ಹೋಟೆಲ್‌ಗಳ ಮೇಲೆ ಕಲ್ಲು ಬಿದ್ದವು. ಶೆಟ್ಟರು ಬಿಡಲಿಲ್ಲ. ಪಾವ್ ಭಾಜಿ ಬಂತು, ಪಂಜಾಬಿ ಬಂತು, ಚೈನೀಸ್ ಕೂಡ ಬಂತು. ಗಿರಾಕಿ ಕೇಳಿದ್ದು ಕೊಡು ಅಂತ ಅಷ್ಟೇ.

ಬೆಂಗಳೂರಿನಲ್ಲಿ ಬೇರೆ ಥರದ ಹಠ. ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ನೋಡಿ ಬಂದು ಸ್ವಚ್ಛತೆಯ ಹಿಂದೆ ಬಿದ್ದರು. ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಒಳಗೆ ಹೋಗಬೇಕಿತ್ತು, ಆಗ ಅಲ್ಲಿನ ಪದ್ಧತಿ ಅದು. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದಾಗ ಹೆಸರಿನಿಂದ ಜಾತಿಯೂ ಹೋಯಿತು, ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಯುದ್ಧಕಾಲದಲ್ಲಿ ಬರ್ಮಾದ ಅಕ್ಕಿ ನಿಂತಾಗ ಇವರು ರವೆ ಇಡ್ಲಿ ಮಾಡಿದರು ಅನ್ನುವುದು ಮನೆಯವರೇ ಹೇಳುವ ಮಾತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಬೆಲೆ ಕಟ್ಟಿತು, ತೀರಾ ಕಡಿಮೆ. ಹಿಟ್ಟಿಗೆ ನೀರು ಸೇರಿಸಿ, ತುಪ್ಪಕ್ಕೆ ಬದಲು ಡಾಲ್ಡಾ ಹಾಕಿ ಹೇಗೋ ತಳ್ಳಬಹುದಿತ್ತು, ಅಲ್ವಾ? ಇವರು ಹಾಗೆ ಮಾಡದೆ ಅದೇ ತಿಂಡಿ ಕೊಟ್ಟು, ಇವತ್ತು ಇಷ್ಟು ನಷ್ಟ ಅಂತ ದಿನಾ ಹೊರಗೆ ಬೋರ್ಡ್ ಬರೆದರು, ಕೊನೆಗೆ ಬಾಗಿಲು ಹಾಕಿದರು. ಆ ಹೊತ್ತಿನಲ್ಲೇ ಪೊಟ್ಟಣದ ಮಿಕ್ಸ್‌ಗಳ ವ್ಯಾಪಾರ ಕುದುರಿತು. ಆ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲ್ ಮಾತ್ರ ಮನೆಯವರ ಕೈಯಲ್ಲೇ ಇದೆ.

1983ರಲ್ಲಿ ಜಯನಗರದ ಕೆಫೆ ದರ್ಶಿನಿ ಬಂದ ಮೇಲೆ ಕೂರುವ ಕುರ್ಚಿಯೂ ಹೋಯಿತು. ನಿಂತು ತಿನ್ನಿ, ಹೋಗ್ತಾ ಇರಿ.

ಇಷ್ಟೆಲ್ಲ ಆದ ಮೇಲೆ ಈಗ ಪತ್ರೊಡೆಗೆ ಬೋರ್ಡಿನಲ್ಲಿ ಜಾಗ ಸಿಕ್ಕಿದೆ. ನನ್ನ ಲೆಕ್ಕದಲ್ಲಿ ಕಾರಣ ಸರಳ. ಪೇಟೆಯಲ್ಲೇ ಹುಟ್ಟಿದ ಮೊಮ್ಮಕ್ಕಳ ಮನೆಯಲ್ಲಿ ಅದನ್ನು ಮಾಡುವವರಿಲ್ಲ, ಹಾಗಾಗಿ ಅದಕ್ಕೆ ದುಡ್ಡು ಕೊಡುವವರಿದ್ದಾರೆ. ಮೊದಲು ಅಳತೆ ಭಟ್ಟರ ಕೈಯಲ್ಲಿತ್ತು, ಒಂದು ಹಿಡಿ, ಎರಡು ಚಿಟಿಕೆ ಅಂದರೆ ಊರಿನ ಹುಡುಗನಿಗೆ ಅರ್ಥವಾಗುತ್ತಿತ್ತು. ಈಗಿನ ಅಡುಗೆಯವನು ಆ ರುಚಿ ತಿಂದು ಬೆಳೆದವನಲ್ಲ, ಹುಣಸೆಹಣ್ಣು ಎಷ್ಟು, ಬೆಲ್ಲ ಎಷ್ಟು ಅಂತ ಗ್ರಾಂ ಲೆಕ್ಕದಲ್ಲಿ ಬರೆದೇ ಕೊಡಬೇಕು. ಬೆಂಗಳೂರಿನ ಎಷ್ಟೋ ದರ್ಶಿನಿಗಳಲ್ಲಿ ಕಾವಲಿಯ ಮುಂದೆ ನಿಂತಿರುವುದು ಒಡಿಶಾ, ಅಸ್ಸಾಂ ಕಡೆಯ ಹುಡುಗರು. ಒಬ್ಬ ಬಂದು ಕೆಲಸ ಹಿಡಿದು, ಆಮೇಲೆ ತಮ್ಮನನ್ನೂ ಭಾವನನ್ನೂ ಕರೆಸಿಕೊಳ್ಳುವುದು ಅವರಲ್ಲೂ ಹಾಗೇ ನಡೆದಿದೆ.