ಸಹಿ ಹಾಕುವ ಮೊದಲು ಕನ್ನಡದ ಪ್ರತಿ ಕೇಳಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಕಳೆದ ಮಳೆಗಾಲದಲ್ಲಿ ಕಾಗದದ ಕಟ್ಟೊಂದನ್ನು ಹಿಡಿದು ನನ್ನ ಬಳಿ ಬಂದರು. ಆರು ವರ್ಷದಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಬಲಗೈ ನಡುಗುತ್ತದೆ, ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು. ಆಸ್ಪತ್ರೆಯೊಂದರಲ್ಲಿ ಹೊಸ ಮದ್ದಿನ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದ್ದರಂತೆ. ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು, ಇನ್ನೊಂದು ಪ್ರತಿ ಇಂಗ್ಲಿಷಿನಲ್ಲಿ. ಇವರು ಓದಿದ್ದು ಕನ್ನಡ ಶಾಲೆಯಲ್ಲಿ.

"ಸೈನ್ ಎಲ್ಲಿ ಹಾಕಬೇಕು ಅಂತ ಹೇಳಿದ್ರೆ ಸಾಕು ಡಾಕ್ಟ್ರೇ" ಎಂದರು.

ಬೇಡ, ಈಗಲೇ ಹಾಕಬೇಡಿ ಎಂದೆ. ಪ್ರಯೋಗಗಳು ಬೇಡ ಅಂತ ಅಲ್ಲ. ಈ ಕಾಯಿಲೆಗೆ ಅವರು ದಿನಾ ನುಂಗುವ ಲೆವೊಡೋಪಾ ಮಾತ್ರೆ ಬಂದದ್ದೂ ಪ್ರಯೋಗದಿಂದಲೇ. 1967ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಕೊಟ್ಜಿಯಾಸ್ ಜಾಸ್ತಿ ಪ್ರಮಾಣದ ಡೋಪಾ ಕೊಟ್ಟರೆ ರೋಗಿಗಳಿಗೆ ಗುಣ ಕಾಣುತ್ತದೆ ಎಂದು ತೋರಿಸಿದರು. ಆಗ ಅದನ್ನು ತೆಗೆದುಕೊಳ್ಳಲು ಒಪ್ಪಿದ ರೋಗಿಗಳಿಲ್ಲದಿದ್ದರೆ ಇವತ್ತು ನಾನು ಬರೆದುಕೊಡಲು ಈ ಮಾತ್ರೆ ಇರುತ್ತಿರಲಿಲ್ಲ.

ಜೊತೆಗೆ ಬಂದಿದ್ದ ಹೆಂಡತಿಗೆ ಬೇರೆಯೇ ಚಿಂತೆ. "ಅರ್ಧ ಜನಕ್ಕೆ ಸುಮ್ನೆ ಮಾತ್ರೆ ಕೊಡ್ತಾರಂತೆ. ಅದು ಮೋಸ ಅಲ್ವಾ?"

ಒಳ್ಳೆಯ ಪ್ರಶ್ನೆ. ಒಂದು ಗುಂಪಿಗೆ ಹೊಸ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ಡಾಕ್ಟರಿಗೂ ಗೊತ್ತಿಲ್ಲ. ಪಾರ್ಕಿನ್ಸನ್‌ನಲ್ಲಿ ಮೆದುಳಿನೊಳಗೆ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. 2001ರಲ್ಲಿ ಕೆನಡಾದ ಸಂಶೋಧಕರು ಕೆಲವು ರೋಗಿಗಳಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ಮೆದುಳಿನ ಸ್ಕ್ಯಾನ್ ಮಾಡಿದರು. ಮದ್ದು ಸಿಗಬಹುದು ಎಂಬ ನಿರೀಕ್ಷೆಗೇ ಅವರ ಮೆದುಳು ಡೋಪಮೈನ್ ಬಿಟ್ಟಿತ್ತು! ಅಂದರೆ "ಸ್ವಲ್ಪ ಆರಾಮ ಆಯ್ತು" ಎನ್ನುವ ರೋಗಿ ಸುಳ್ಳು ಹೇಳುತ್ತಿಲ್ಲ. ಆ ಆರಾಮ ಮದ್ದಿನಿಂದಲೋ ಭರವಸೆಯಿಂದಲೋ ಎಂದು ತಿಳಿಯಲು ಎರಡು ಗುಂಪು ಬೇಕೇ ಬೇಕು. ಆದರೆ ಇದನ್ನೆಲ್ಲ ಸಹಿಗೆ ಮೊದಲೇ ಹೇಳಬೇಕು, ಅದೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ. ಮದ್ದಿನ ಪ್ರಯೋಗಗಳ ಬಗ್ಗೆ ಇರುವ 2019ರ ಕೇಂದ್ರ ಸರ್ಕಾರದ ನಿಯಮಗಳಲ್ಲೇ ಹಾಗೆ ಇದೆ.

ಇಂಥ ಪ್ರಯೋಗಗಳಲ್ಲಿ ನೆನಪನ್ನೂ ಪರೀಕ್ಷಿಸುವುದುಂಟು. ಆ ಪರೀಕ್ಷೆಯ ಭಾಷೆಯೂ ಅಷ್ಟೇ ಮುಖ್ಯ. ಮೋಕಾ ಎಂಬ, ನೆನಪು, ಗಮನ, ಯೋಚನೆಗಳನ್ನು ನೋಡುವ ಪರೀಕ್ಷೆಯಲ್ಲಿ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. 30 ಅಂಕದಲ್ಲಿ 5 ಅದಕ್ಕೇ. ಮನೆಯಲ್ಲಿ ಹವ್ಯಕವೋ ತುಳುವೋ ಆಡಿ, ಕನ್ನಡದಲ್ಲಿ ಓದಿದವರಿಗೆ ಮಲಯಾಳದ ಪದ ಕೊಟ್ಟರೆ ಅಂಕ ಇಳಿಯಬಹುದು. ಆಗ ಇಲ್ಲದ ಮರೆವು ದಾಖಲೆಯಲ್ಲಿ ಕೂರುತ್ತದೆ. ಮೋಕಾ ಕನ್ನಡದಲ್ಲೂ ಇದೆ, ಕೇಳಿ.

ಇನ್ನೊಂದು ವಿಷಯ. ಕೆಲವು ಪ್ರಯೋಗಗಳಲ್ಲಿ ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಬರಲು ಹೇಳುತ್ತಾರೆ. ಮದ್ದಿಲ್ಲದೆ ಬಿಗಿದ ಕಾಲಿನಲ್ಲಿ ಪೆರ್ಲದಿಂದ ಬಸ್ಸು ಹತ್ತುವುದು ಸಣ್ಣ ಮಾತಲ್ಲ. ಯಾರು ಜೊತೆಗೆ ಬರುತ್ತಾರೆ, ಖರ್ಚು ಯಾರದ್ದು ಎಂದು ಮೊದಲೇ ಕೇಳಬೇಕು. ಬೇಡ ಅನಿಸಿದರೆ ನಡುವೆ ಬಿಡಬಹುದು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಮೂರು ವಾರದ ನಂತರ ಅವರು ಕನ್ನಡದ ಪ್ರತಿ ತಂದರು. ಸೊಸೆ ಜಗಲಿಯಲ್ಲಿ ಕೂತು ಪೂರ್ತಿ ಓದಿ ಹೇಳಿದ್ದಳಂತೆ. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲು. ಮೊದಲ ಅಕ್ಷರ ದೊಡ್ಡದು, ಮುಂದೆ ಹೋದ ಹಾಗೆ ಸಾಸಿವೆಯಷ್ಟು. ಪಾರ್ಕಿನ್ಸನ್‌ನ ಕೈಬರಹ ಇರುವುದೇ ಹಾಗೆ. ಕನ್ನಡಕ ಹಾಕಿ ಓದಿದೆ: "ಪ್ರಯೋಗ ಮುಗಿದ ಮೇಲೆ ಈ ಮದ್ದು ನನಗೆ ಸಿಗುತ್ತದಾ?"

ಅದಕ್ಕೆ ಆ ಕಾಗದದಲ್ಲಿ ಉತ್ತರ ಇರಲಿಲ್ಲ. ಅಲ್ಲಿಯ ಡಾಕ್ಟರಿಗೆ ಬರೆದು ಕಳಿಸಿದ್ದೇವೆ. ಉತ್ತರ ಬಂದ ಮೇಲೆಯೇ ಸೈನ್ ಎಂದಿದ್ದಾರೆ.